ಸೈಲೆನ್ಸರಿನ ತೂತು ಮತ್ತು ಬಿಸಿ ರೊಟ್ಟಿ

ಗಂಡಸರು ಕಚೇರಿಯಲ್ಲಿ ಕೂತು ಹೆಂಡಿರ ಬಗ್ಗೆ ಆಡುವ ಮಾತಿನಲ್ಲಿ ಅರ್ಧ ದೂರು, ಅರ್ಧ ಬಡಾಯಿ. ನನ್ನದು ಪೂರ್ತಿ ಬಡಾಯಿ. ಕುಷ್ಟಗಿಯಂಥ ಊರಲ್ಲಿ ಮಧ್ಯಾಹ್ನ ಮನೆಗೆ ಹೋಗಿ ಉಂಡು, ಒಂದಿಷ್ಟು ಕಣ್ಣು ಮುಚ್ಚಿ ತೆರೆದು ಕಚೇರಿಗೆ ವಾಪಸಾದರೂ ಯಾರೂ ಗಾಬರಿಯಾಗುವುದಿಲ್ಲ. ನಾನು ಬೇಗ ಹೋಗಲಿ, ತಡವಾಗಿ ಹೋಗಲಿ, ಕಾಲು ತೊಳೆದು ತಾಟಿನ ಮುಂದೆ ಕೂರುವುದಕ್ಕೂ ಹಂಚಿನ ಮೇಲಿಂದ ಉಬ್ಬಿದ ಜೋಳದ ರೊಟ್ಟಿ ತಾಟಿಗೆ ಬೀಳುವುದಕ್ಕೂ ಸರಿಹೋಗುತ್ತಿತ್ತು. "ನಾ ಬರೂದು ನಮ್ಮ ಗಿರಿಜಾನ ಮನಸ್ಸಿಗೇ ತಿಳೀತೈತ್ರಿ," ಎಂದು ಪಕ್ಕದ ಟೇಬಲ್ಲಿನ ಶರಣಪ್ಪನಿಗೆ ದಿನಾ ಹೇಳುತ್ತಿದ್ದೆ. ತಣ್ಣನೆಯ ಬುತ್ತಿ ಬಿಚ್ಚುತ್ತಿದ್ದ ಶರಣಪ್ಪ, "ಪುಣ್ಯಾ ಮಾಡೀರಿ ಬಿಡ್ರಿ," ಎಂದು ನಿಟ್ಟುಸಿರು ಬಿಡುತ್ತಿದ್ದ. ಅದನ್ನು ಕೇಳಿದ ದಿನ ನನಗೆ ಒಂದು ರೊಟ್ಟಿ ಹೆಚ್ಚಿಗೇ ಸೇರುತ್ತಿತ್ತು.

ಇನ್ನು ನನ್ನ ಮೋಟಾರ್ ಸೈಕಲ್ಲಿನ ವಿಷಯ. ಅದರ ಸೈಲೆನ್ಸರಿಗೆ ಯಾವ ಕಾಲದಲ್ಲೋ ತೂತು ಬಿದ್ದಿತ್ತು. ಶುರು ಮಾಡಿದರೆ ಕಲ್ಲು ಕ್ವಾರಿಯಲ್ಲಿ ಮದ್ದು ಹಾರಿಸಿದಂಥ ಸಪ್ಪಳ. "ತಮ್ಮಾ, ನೀ ಓಣ್ಯಾಗ ಬಂದ್ರ ನನ್ನ ಹಲ್ಲಿನ ಸೆಟ್ ಅಲ್ಲಾಡ್ತೈತೋ," ಎಂದು ಎದುರು ಮನೆಯ ಬಸಮ್ಮಜ್ಜಿ ಎಷ್ಟೋ ಸಲ ಅಂದಿದ್ದಳು. ಕೊನೆಗೊಮ್ಮೆ ಅವಳ ಹಲ್ಲಿನ ಮೇಲೆ ಕರುಣೆ ಬಂದು, ಸೈಲೆನ್ಸರ್ ಎಂದರೇನು ಎಂದು ಮೊಬೈಲಿನಲ್ಲಿ ವಿಡಿಯೋ ನೋಡಿ ಅಭ್ಯಾಸ ಮಾಡಿದೆ. ಎಂಜಿನ್ನಿನಲ್ಲಿ ಪೆಟ್ರೋಲು ಉರಿದು ಹೊಗೆ ಸಿಟ್ಟಿನಿಂದ ನುಗ್ಗಿ ಬರುತ್ತದೆ. ಸೈಲೆನ್ಸರಿನೊಳಗೆ ತಗಡಿನ ಅಡ್ಡಗೋಡೆಗಳ ಸಣ್ಣ ಸಣ್ಣ ಕೋಣೆಗಳಿರುತ್ತವೆ. ಹೊಗೆ ಆ ಕೋಣೆಯಿಂದ ಈ ಕೋಣೆಗೆ ಅಲೆದು, ದಣಿದು, ಬಂದ ಸಿಟ್ಟನ್ನೇ ಮರೆತು ಹಿಂಬಾಗಿಲಿನಿಂದ ಮೆತ್ತಗೆ ಹೊರಟುಹೋಗುತ್ತದೆ. ನಮ್ಮ ಕಚೇರಿಗೆ ಅರ್ಜಿ ಹಿಡಿದು ಬಂದವರು ಹೀಗೇ ಹೋಗುವುದನ್ನು ನೋಡುತ್ತಲೇ ಇದ್ದೇನಾದ್ದರಿಂದ ಇದು ನನಗೆ ತಕ್ಷಣ ಅರ್ಥವಾಯಿತು. ಮನೆ ಕಚೇರಿಗೆ ಹತ್ತಿರವಿದ್ದವರ ಗಾಡಿಯ ಸೈಲೆನ್ಸರ್ ಸರಿಯಾಗಿ ಬಿಸಿಯಾಗುವುದೇ ಇಲ್ಲವಂತೆ. ಹೊಗೆಯಲ್ಲಿನ ನೀರಾವಿ ಹನಿಯಾಗಿ ಒಳಗೇ ನಿಂತು ತುಕ್ಕು ಹಿಡಿದು ತೂತು ಬೀಳುತ್ತದಂತೆ.

ತೂತಿಗೆ ಮದ್ದನ್ನೂ ಆ ವಿಡಿಯೋದ ಪುಣ್ಯಾತ್ಮನೇ ಹೇಳಿದ. ಶಾಖಕ್ಕೆ ಗಟ್ಟಿಯಾಗುವಂಥ ಅಂಟುಹಿಟ್ಟು ಸಿಗುತ್ತದೆ, ಅದನ್ನು ಮೆತ್ತಿದರೆ ಸಾಕು ಎಂದ. ಶಾಖಕ್ಕೆ ಗಟ್ಟಿಯಾಗುವ ಹಿಟ್ಟನ್ನು ನಮ್ಮ ಮನೆಯಲ್ಲಿ ದಿನಾ ನಾದುತ್ತಾರಲ್ಲ! ಗಿರಿಜಾ ಅತ್ತ ತಿರುಗಿದಾಗ ಪರಾತದಿಂದ ಒಂದು ಮುಷ್ಟಿ ನಾದಿದ ಜೋಳದ ಹಿಟ್ಟು ಎತ್ತಿಕೊಂಡು ತೂತಿಗೆ ಮೆತ್ತಿ ಹೊರಟೆ. ಬಸ್ ಸ್ಟ್ಯಾಂಡ್ ತಲುಪುವ ಹೊತ್ತಿಗೆ ಘಮ್ಮನೆ ವಾಸನೆ ಬಂತು. ನಾಯಿಗಳು ಬೆನ್ನು ಹತ್ತಿದವು. ಠಪ್ ಎಂದು ಏನೋ ಹಾರಿ ರಸ್ತೆಗೆ ಬಿತ್ತು. ನಾಯಿಗಳ ಬಾಯಿಗೆ ಸಿಗುವ ಮೊದಲೇ ಸಾಕ್ಷಿಗಿರಲೆಂದು ಎತ್ತಿಕೊಂಡು ಬಂದು ತೋರಿಸಿದರೆ ಗಿರಿಜಾ ತಿರುವಿ ಮುರುವಿ ನೋಡಿ, "ನನ್ನ ಹಂಚಿನಕಿಂತ ಛಲೋ ಸುಟ್ಟೈತಲ್ರೀ," ಎಂದಳು.

ಕೊನೆಗೆ ಗ್ಯಾರೇಜಿನ ಖಾಜಾನ ಬಳಿಗೆ ಹೋದೆ. ಅವನು ಸೈಲೆನ್ಸರನ್ನು ಸ್ಪ್ಯಾನರಿನಿಂದ ಬಡಿದು, "ಒಳಗಿನ ತಗಡೆಲ್ಲಾ ಉದುರ್ಯಾವ್ರಿ ಸರ, ವೆಲ್ಡಿಂಗ್ ನಿಂದ್ರೂದಿಲ್ಲ," ಎಂದು ಹೊಸದನ್ನೇ ಹಾಕಿದ. "ಹಳೇದು ಇಲ್ಲೇ ಇರ್ಲಿ, ಯಾರಿಗರ ಬರ್ತೈತಿ," ಎಂದ. ಗಾಡಿ ಈಗ ಎಷ್ಟು ಮೆತ್ತಗಾಯಿತೆಂದರೆ, ಶುರುವಾಗಿದೆಯೆಂದು ತಿಳಿಯದೆ ಮತ್ತೆ ಮತ್ತೆ ಕಿಕ್ ಹೊಡೆದೆ.

ಮಧ್ಯಾಹ್ನ ಹಿಗ್ಗಿನಿಂದ ಮನೆಗೆ ಬಂದೆ. ಕಾಲು ತೊಳೆದೆ. ತಾಟಿನ ಮುಂದೆ ಕೂತೆ. ತಾಟಿಗೆ ಏನೂ ಬೀಳಲಿಲ್ಲ. ಒಲೆ ಆರಿತ್ತು. ಗಿರಿಜಾ ಒಳಗಿನಿಂದ ಬಂದು ಬೆಚ್ಚಿಬಿದ್ದು, "ಅಯ್ಯ, ಯಾವಾಗ ಬಂದ್ರೀ? ಸಪ್ಪಳನ ಇಲ್ಲ! ದಿನಾ ಬಸ್ ಸ್ಟ್ಯಾಂಡ್ ಕಡೆ ನಿಮ್ಮ ಗಾಡಿ ಸಪ್ಪಳ ಆದ ಕೂಡ್ಲೆ ಹಂಚು ಇಡ್ತಿದ್ದೆ," ಎಂದಳು.

"ಮತ್ತ... ಮನಸ್ಸಿಗೆ ತಿಳೀತಿದ್ದಿಲ್ಲೇನು?"

"ಮನಸ್ಸಿಗೆ ಹ್ಯಾಂಗ ತಿಳೀಬೇಕ್ರೀ? ಕಿವಿಗೆ ತಿಳೀತಿತ್ತು."

ನನಗೆ ನಿಜಕ್ಕೂ ದುಃಖವಾಯಿತು. ಇಷ್ಟು ವರ್ಷ ಪ್ರೀತಿ ಎಂದುಕೊಂಡಿದ್ದು ತುಕ್ಕಾಗಿತ್ತು. ಹೊರಡುವ ಮುಂಚೆ ಫೋನ್ ಮಾಡಬಹುದಲ್ಲ ಎಂದು ನೀವು ಕೇಳುತ್ತೀರಿ. ಮಾಡಬಹುದು. ಆದರೆ ಶರಣಪ್ಪನ ಎದುರಿಗೆ "ಹೊಂಟೀನಿ, ಹಂಚು ಇಡು" ಎಂದರೆ ನನ್ನ ಮರ್ಯಾದೆ ಏನಾಗಬೇಕು?

ಮರುದಿನ ಇನ್ನೊಂದು ಆಶ್ಚರ್ಯ. ನಾನು ಹೋಗುವಷ್ಟರಲ್ಲಿ ರೊಟ್ಟಿ ಆಗಿ, ಆರಿ, ಸೆಟೆದು ಕೂತಿದ್ದವು. "ಆಗ್ಲೆ ಸಪ್ಪಳ ಆತು, ಹೊಸಾದೂ ತೂತು ಬಿತ್ತು ಅಂದ್ಕೊಂಡು ರೊಟ್ಟಿ ಬಡದೆ. ಇಷ್ಟೊತ್ತನ ಎಲ್ಲಿ ಹೋಗಿದ್ರಿ?" ಎಂದು ಗಿರಿಜಾ ಸೊಂಟದ ಮೇಲೆ ಕೈಯಿಟ್ಟಳು. ಎಲ್ಲಿಗೂ ಹೋಗಿಲ್ಲವೆಂದರೆ ನಂಬಲಿಲ್ಲ. ನನ್ನ ಹಳೆಯ ಸೈಲೆನ್ಸರ್ ಎಲ್ಲಿ ಎಂದು ಕೇಳಲು ಸೀದಾ ಖಾಜಾನ ಹತ್ತಿರ ಓಡಿದೆ.

"ಅದನ್ನ ಮೊಟ್ಟಿ ಹುಸೇನಪ್ಪ ಹಾಕಿಸ್ಕೊಂಡು ಹೋಗ್ಯಾನ್ರಿ," ಎಂದ ಖಾಜಾ. ಅಂಗಡಿ ಅಂಗಡಿಗೆ ಮೊಟ್ಟೆ ಹಂಚುವ ಹುಸೇನಪ್ಪ ಮಧ್ಯಾಹ್ನ ನಮ್ಮ ಓಣಿಯ ಮೇಲೇ ಹಾಯುತ್ತಾನೆ. ವಾಪಸು ಕೊಡಿಸೆಂದು ಬೇಡಿಕೊಂಡರೆ, "ಆಂವ ಕೊಡೂದಿಲ್ರಿ ಸರ. ಸಪ್ಪಳಾ ಕೇಳಿ ಅಂಗಡಿಯವರು ಖಾಲಿ ಟ್ರೇ ಹೊರಗ ತಂದು ಇಡ್ತಾರಂತ. ಭಾಳ ಖುಷಿ ಅದಾನ," ಎಂದುಬಿಟ್ಟ.

ಹೀಗಾಗಿ ಈಗ ಮಧ್ಯಾಹ್ನವಾದರೆ ನಾನು ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಗಾಡಿ ಒರೆಸುವವನಂತೆ ನಿಂತಿರುತ್ತೇನೆ. ಹುಸೇನಪ್ಪ ಬರುತ್ತಾನೆ. ಅವನು ಮುಂದೆ ಮದ್ದು ಹಾರಿಸುತ್ತ, ನಾನು ಹಿಂದೆ ಅವನ ಹೊಗೆ ಕುಡಿಯುತ್ತ ಓಣಿ ಸೇರುತ್ತೇವೆ. ಬಸಮ್ಮಜ್ಜಿ ದವಡೆ ಹಿಡಿದುಕೊಂಡು ನನ್ನನ್ನೇ ಬೈಯುತ್ತಾಳೆ. ತಾಟಿಗೆ ಮಾತ್ರ ಬಿಸಿ ರೊಟ್ಟಿ ಬೀಳುತ್ತದೆ. ಶರಣಪ್ಪನ ನಿಟ್ಟುಸಿರೂ ಮೊದಲಿನಂತೆಯೇ ಇದೆ.

ಚಿಂತೆ ಒಂದೇ. ಶ್ರಾವಣ ಹತ್ತಿರ ಬಂತು. ಶ್ರಾವಣದಲ್ಲಿ ನಮ್ಮ ಓಣಿಯವರು ಮೊಟ್ಟೆ ಮುಟ್ಟುವುದಿಲ್ಲ, ಹುಸೇನಪ್ಪ ಈ ಕಡೆ ಹಾಯುವುದಿಲ್ಲ. ಅದಕ್ಕೇ ಶರಣಪ್ಪನಿಗೆ ಈಗಲೇ ಹೇಳಿಟ್ಟಿದ್ದೇನೆ: ಈ ಸಲ ಶ್ರಾವಣ ಪೂರ್ತಿ ನಂದೊಂದು ವ್ರತ ಐತ್ರಿ, ಬಿಸಿ ರೊಟ್ಟಿ ಬಿಟ್ಟೀನಿ.