ಮೂರು ಚಂದ್ರರ ಸಿನಿಮಾಕ್ಕೆ ನಾನು ಮೈಕು ಹಿಡಿದದ್ದು

ಮೇಷ್ಟ್ರು ಅನ್ನಿಸಿಕೊಂಡವನಿಗೆ ಗೊತ್ತಿಲ್ಲದ್ದನ್ನೂ ಗೊತ್ತಿರುವವನಂತೆ ಹೇಳುವ ಸಂದರ್ಭ ವಾರಕ್ಕೊಂದಾದರೂ ಬರುತ್ತಲೇ ಇರುತ್ತದೆ. ಔಷಧಿ ಡಬ್ಬಿಯ ಮೇಲಿನ ಇಂಗ್ಲಿಷ್ ಓದಿ ಹೇಳಿ ಅಂತ ಒಬ್ಬರು ಬರುತ್ತಾರೆ, ಟಿ.ವಿ.ಯಲ್ಲಿ ಯಾಕೆ ಗೆರೆ ಗೆರೆ ಬೀಳುತ್ತೆ ಅಂತ ಇನ್ನೊಬ್ಬರು. ನಾನು ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಬಹಳ ವರ್ಷ ವಿಜ್ಞಾನ ಪಾಠ ಮಾಡಿದವನು. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ ರಜೆಯಲ್ಲಿ ಒಂದೇ ಒಂದು ಸಿನಿಮಾದಿಂದ ನನಗೆ ಒದಗಿದ ಪ್ರಸಂಗಗಳಿವೆಯಲ್ಲ, ಅವನ್ನು ನೆನೆದರೆ ಈಗಲೂ ಮೊದಲು ನಾಚಿಕೆ ಬರುತ್ತದೆ, ನಗು ಆಮೇಲೆ.

ಪೆಟ್ಟಿಗೆ ಬದಲಾಯಿತು

ಒಂದು ಬೆಳಿಗ್ಗೆ ನಮ್ಮೂರ ಟಾಕೀಸಿನ ಮ್ಯಾನೇಜರು ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಆಕಾಶದಲ್ಲಿ ನಡೆಯುವ ದೊಡ್ಡ ಇಂಗ್ಲಿಷ್ ಚಿತ್ರವೊಂದನ್ನು ತೆಲುಗಿಗೆ ಡಬ್ ಮಾಡಿದ್ದರಂತೆ. ಅದು ಬರುತ್ತದೆಂದು ಮುಳಬಾಗಿಲವರೆಗೂ ಪೋಸ್ಟರ್ ಅಂಟಿಸಿ ಆಗಿತ್ತು. ಬಂದದ್ದು ಮಾತ್ರ ಇಂಗ್ಲಿಷ್ ರೀಲುಗಳ ಪೆಟ್ಟಿಗೆ.

"ತೆಲುಗುದು ಬರೋಕೆ ಇನ್ನೊಂದು ವಾರ ಬೇಕಂತೆ ಸಾರ್. ಅಲ್ಲೀವರೆಗೂ ನೀವು ಮೈಕಲ್ಲಿ ಕಥೆ ಹೇಳ್ಬಿಡಿ."

"ನಾನು ಸೈನ್ಸ್ ಮೇಷ್ಟ್ರು ಕಣ್ರೀ. ಇಂಗ್ಲಿಷ್ ಮೇಷ್ಟ್ರನ್ನ ಕೇಳಿ."

"ಅವ್ರು ರಜಕ್ಕೆ ಊರಿಗೆ ಹೋಗವ್ರೆ. ಅಲ್ದೆ ಸಿನಿಮಾನೂ ಸೈನ್ಸೇ ಅಲ್ವಾ ಸಾರ್, ಮಾತು ಯಾವುದಾದ್ರೇನು?"

ನಾನು ಇನ್ನೂ ಯೋಚಿಸುತ್ತಿದ್ದೆ. ಮನೆಯವರೆಲ್ಲ ವಾರವಿಡೀ ಬಾಲ್ಕನಿಯಲ್ಲಿ ಕೂತು ನೋಡಬಹುದು ಎಂದು ಅವರು ಅಂದದ್ದು ಅಡುಗೆಮನೆಗೆ ಕೇಳಿಸಿತು. ಒಳಗಿಂದ ನನ್ನ ಹೆಂಡತಿ, "ಇವ್ರು ಬರ್ತಾರೆ ಬಿಡಿ," ಅಂದಳು. ಹೀಗೆ ನಾನು ಒಪ್ಪಿದ್ದಾಯಿತು.

ಮೊದಲ ಆಟ

ಸ್ಕೂಟರ್ ದಾರಿಗೆ ಅಡ್ಡ ನಿಂತಿದೆ, ಟಾರ್ಚ್ ಕಳೆದಿದೆ ಎಂದು ಹೇಳಲು ಇಟ್ಟಿದ್ದ ಮೈಕು ಅದು. ಅದನ್ನು ಹಿಡಿದು ಪರದೆಯ ಪಕ್ಕ ಸ್ಟೂಲಿನ ಮೇಲೆ ಕೂತೆ. ಟಾಕೀಸು ತುಂಬಿತ್ತು.

ಪರದೆಯ ಮೇಲೆ ಒಂದು ಊರಿನಷ್ಟು ದೊಡ್ಡ ಹಡಗು ನಕ್ಷತ್ರಗಳ ನಡುವೆ ನಿಧಾನವಾಗಿ ಹಾದುಹೋಯಿತು. ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ. ಆಮೇಲೆ ಪಾತ್ರಗಳು ಮಾತಾಡಲು ಶುರು ಮಾಡಿದವು. ತಲೆಗೆ ಗಾಜಿನ ಬುರುಡೆ ಹಾಕಿಕೊಂಡು, ಮೂಗಿನಲ್ಲಿ, ಅವಸರದ ಇಂಗ್ಲಿಷು. ನಾನು ಪಠ್ಯಪುಸ್ತಕದ ಇಂಗ್ಲಿಷ್ ಓದಿದವನು. 'ಯೆಸ್' ಮತ್ತು 'ನೋ' ಎರಡು ಬಿಟ್ಟು ನನಗೆ ಏನೂ ತಿಳಿಯಲಿಲ್ಲ.

"ಏನಂತೆ ಸಾರ್?" ಎಂದು ಮುಂದಿನ ಬೆಂಚಿನಿಂದ ಒಬ್ಬರು ಕೇಳಿದರು.

ಕಣ್ಣೆದುರು ಆರುನೂರು ಜನ. ಗೊತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. "ಹೋಗೋ ದಾರಿ ಸರಿ ಇಲ್ಲ, ಹುಷಾರು ಅಂತಾವ್ನೆ," ಅಂದೆ.

"ನಮ್ಮ ಚಿಂತಾಮಣಿ ರೋಡಿನ ಥರ," ಎಂದು ಯಾರೋ ಅಂದರು. ಎಲ್ಲರೂ ತಲೆದೂಗಿದರು. ಅಲ್ಲಿಂದಾಚೆಗೆ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಇಡೀ ಕಥೆ ನನ್ನದೇ ಆಯಿತು. ಹೊರಗೆ ಬರುವಾಗ ಜನ ಮಾತಾಡಿಕೊಳ್ಳುತ್ತಿದ್ದರು: "ಇಂಗ್ಲಿಷ್ ಪಿಕ್ಚರ್ ಇಷ್ಟು ಸುಲಭ ಅಂತ ಗೊತ್ತೇ ಇರ್ಲಿಲ್ಲ."

ಎಷ್ಟು ಅಡಿ?

ಆ ಚಿತ್ರದಲ್ಲಿ ಗಾಜಿನ ಕಾಡಿತ್ತು, ಕಡ್ಡಿಯಂಥ ಜನರಿದ್ದರು, ಬೆಂಕಿಯ ಮಳೆಯಿತ್ತು, ಕೊನೆಗೆ ಒಂದು ಬೆಟ್ಟವೇ ಸಿಡಿದು ಚೂರಾಗುತ್ತಿತ್ತು. ಬೆಟ್ಟ ಸಿಡಿದಾಗ ನಮ್ಮವರು ಕಡಲೆಕಾಯಿ ಸಿಪ್ಪೆ ಬಿಡಿಸುತ್ತಿದ್ದರು. ಬೆಟ್ಟಕ್ಕೆ ಸಿಡಿಮದ್ದು ಇಡುವುದನ್ನು ಈ ಕಡೆಯವರು ದಿನಾ ನೋಡುತ್ತಾರೆ.

ಆದರೆ ನಡುವೆ ಒಂದು ಸಣ್ಣ ದೃಶ್ಯ. ಹಡಗು ಹೋಗಿ ಇಳಿದ ಗ್ರಹದ ಒಣ ನೆಲಕ್ಕೆ ಕೊಳವೆ ಇಳಿಸಿ ಕೊರೆಯುತ್ತಾರೆ, ಬುಸ್ಸೆಂದು ನೀರು ಚಿಮ್ಮುತ್ತದೆ. ಟಾಕೀಸು ಹಾರಿಹೋಗುವಂತೆ ಶಿಳ್ಳೆ ಬಿತ್ತು. ಟವೆಲುಗಳು ಮೇಲಕ್ಕೆ ಹಾರಿದವು. ಮಾವಿನ ತೋಟದ ಯಜಮಾನರೊಬ್ಬರು ಎದ್ದು ನಿಂತು ಕೇಳಿದರು.

"ಎಷ್ಟು ಅಡಿಗೆ ನೀರು ಬಿತ್ತು ಮೇಷ್ಟ್ರೇ?"

"ಮುನ್ನೂರು," ಅಂದೆ.

ಮರುದಿನದ ಆಟಕ್ಕೂ ಅವರು ಬಂದಿದ್ದರು, ಆ ದೃಶ್ಯಕ್ಕಾಗಿಯೇ. ಹಿಂದಿನ ದಿನ ಏನು ಹೇಳಿದ್ದೆನೆಂದು ನನಗೆ ಮರೆತಿತ್ತು. "ನಾನೂರೈವತ್ತು," ಅಂದುಬಿಟ್ಟೆ.

ಯಜಮಾನರು ಎದ್ದರು. "ನಿನ್ನೆ ಮುನ್ನೂರು ಅಂದ್ರಿ. ಒಂದೇ ದಿನಕ್ಕೆ ನೂರೈವತ್ತು ಅಡಿ ಕೆಳಗೆ ಹೋಯ್ತಾ?"

ನನ್ನ ಬಣ್ಣ ಬಯಲಾಯಿತು ಅಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಬೇಸರದ ದನಿಯಲ್ಲಿ ಹೇಳಿದರು:

"ಕೂತ್ಕೊಳ್ಳಯ್ಯಾ. ಅಲ್ಲೂ ಪಕ್ಕದ ತೋಟದೋನು ಬೋರು ಕೊರ್ಸಿರ್ತಾನೆ."

ಪಂಚಾಂಗ

ಮೂರನೆಯ ದಿನ ಮುಳಬಾಗಿಲಿನಿಂದ ಒಬ್ಬ ಪುರೋಹಿತರು ಬಂದರು. ಅವರಿಗೆ ಹಡಗು ಬೇಕಿರಲಿಲ್ಲ, ಕಾಡು ಬೇಕಿರಲಿಲ್ಲ. ಆ ಗ್ರಹದ ಆಕಾಶದಲ್ಲಿ ಮೂರು ಚಂದ್ರರಿದ್ದಾರೆ ಎಂದು ಯಾರೋ ಅವರಿಗೆ ಹೇಳಿದ್ದರು. ಮಧ್ಯಂತರದಲ್ಲಿ ನನ್ನ ಸ್ಟೂಲಿನ ಹತ್ತಿರ ಬಂದರು.

"ಮೇಷ್ಟ್ರೇ, ಒಂದು ಚಂದ್ರ ಅಷ್ಟಮಿದು, ಒಂದು ಹುಣ್ಣಿಮೆದು, ಇನ್ನೊಂದು ಬಿದಿಗೆದು ಕಾಣ್ತಿದೆ. ಇವತ್ತು ಅಲ್ಲಿ ತಿಥಿ ಯಾವ್ದು?"

ಗುರುತ್ವಾಕರ್ಷಣೆ, ಕಕ್ಷೆ, ಪರಿಭ್ರಮಣ, ನನಗೆ ಗೊತ್ತಿದ್ದ ವಿಜ್ಞಾನವನ್ನೆಲ್ಲ ಹೇಳಿದೆ. ಆ ವಾರ ನಾನು ಹೇಳಿದ್ದರಲ್ಲಿ ನಿಜವಾದದ್ದು ಅದೊಂದೇ. ಅವರು ಅದನ್ನು ಒಪ್ಪಲಿಲ್ಲ. ಮರುದಿನ ಸಣ್ಣ ನೋಟ್‌ಬುಕ್ ತಂದು, ಚಂದ್ರರು ಕಂಡಾಗಲೆಲ್ಲ ಕತ್ತಲಲ್ಲೇ ಗುರುತು ಹಾಕಿಕೊಂಡರು. ಆಟ ಮುಗಿದ ಮೇಲೆ ಅವರ ಮುಖದಲ್ಲಿ ನೆಮ್ಮದಿ ಇತ್ತು.

"ಚಿತ್ರ ಶಾಸ್ತ್ರಬದ್ಧವಾಗೇ ಇದೆ ಮೇಷ್ಟ್ರೇ. ಒಂದು ಚಂದ್ರನಿಗೆ ತಿಂಗಳಿಗೆ ಎರಡು ಏಕಾದಶಿ. ಮೂರು ಚಂದ್ರನಿಗೆ ಆರು. ಆರು ದಿನ ಉಪವಾಸ ಇದ್ರೆ ಇನ್ನೇನಾಗ್ತದೆ? ಅದಕ್ಕೇ ಆ ಲೋಕದ ಜನ ಅಷ್ಟು ತೆಳ್ಳಗಿರೋದು."

ಬಿಳಿ ಕೂದಲಿನವರು

ಚಿತ್ರದಲ್ಲಿ ಬಿಳಿ ಕೂದಲಿನ ಅಧಿಕಾರಿಯೊಬ್ಬ ನಾಯಕನನ್ನು ಆಗಾಗ ಗದರಿಸುತ್ತಿದ್ದ. ಯಾಕೆಂದು ನನಗೆ ತಿಳಿಯದು. ಅವನನ್ನು ನಾಯಕನ ಮಾವನನ್ನಾಗಿ ಮಾಡಿಬಿಟ್ಟಿದ್ದೆ. ಮಾವನಾದವನು ಅಳಿಯನಿಗೆ ಏನು ಹೇಳುತ್ತಾನೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಮಾಲೂರಿನ ನಮ್ಮ ಮಾವನವರ ಮಾತುಗಳನ್ನೇ ಒಂದೊಂದಾಗಿ ಅವನ ಬಾಯಿಗೆ ಹಾಕಿದೆ. "ಅಲ್ಲಿಗೆ ಹೋಗಿ ಏನ್ ಗುಡ್ಡೆ ಹಾಕ್ತೀರಿ?" "ನನ್ನ ಮಗಳನ್ನ ಕೊಟ್ಟಾಗ್ಲೇ ಯೋಚ್ನೆ ಮಾಡ್ಬೇಕಿತ್ತು." ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೂ ಮದುವೆಯಾದಾಗಿನಿಂದ ಹೊತ್ತ ಹನ್ನೆರಡು ವರ್ಷದ ಭಾರ ಇಳಿದಂತಾಗುತ್ತಿತ್ತು.

ಐದನೆಯ ದಿನ ಮೈಕಿನಲ್ಲಿ ಹಾಗೆ ಹೇಳುತ್ತಾ ತಲೆ ಎತ್ತಿದರೆ, ಬಾಲ್ಕನಿಯ ಮುಂದಿನ ಸಾಲಿನಲ್ಲಿ ನನ್ನ ಹೆಂಡತಿಯ ಪಕ್ಕ ಮಾಲೂರಿನ ಮಾವನವರೇ ಕೂತಿದ್ದರು. ಅಳಿಯ ಮೈಕಿನಲ್ಲಿ ಮಾತಾಡುತ್ತಾನೆಂದು ಕೇಳಿ ಹೇಳದೆ ಕೇಳದೆ ಬಂದಿದ್ದರು. ಅರ್ಧ ಕಥೆ ಆಗಿಹೋಗಿತ್ತು. ಚಿತ್ರದ ಮಾವನನ್ನು ಆ ಹೊತ್ತಿನಲ್ಲಿ ಬೇರೆಯವನನ್ನಾಗಿ ಮಾಡುವಂತಿರಲಿಲ್ಲ. ಹೇಗೋ ಮುಗಿಸಿದೆ.

ಮನೆಗೆ ಬಂದ ಮೇಲೆ ಹೆಂಡತಿ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಮಾವನವರು ಊಟ ಮುಗಿಸಿ, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಗಂಭೀರವಾಗಿ ಹೇಳಿದರು.

"ಮಿಕ್ಕೋರೆಲ್ಲ ಹುಚ್ಚರು. ಇಡೀ ಪಿಕ್ಚರಲ್ಲಿ ಬುದ್ಧಿ ಇರೋನು ಅಂದ್ರೆ ಆ ಬಿಳಿ ಕೂದಲಿನೋನು ಒಬ್ಬನೇ."

ತೆಲುಗು ಪೆಟ್ಟಿಗೆ

ಎರಡನೆಯ ವಾರ ತೆಲುಗು ಪೆಟ್ಟಿಗೆ ಬಂತು. ನಮ್ಮೂರಲ್ಲಿ ತೆಲುಗು ತಿಳಿಯದವರಿಲ್ಲ. ನಾನು ಹೇಳಿದ್ದೆಲ್ಲ ಸುಳ್ಳೆಂದು ಒಂದೇ ಆಟದಲ್ಲಿ ಗೊತ್ತಾಗುತ್ತದೆ. ವರ್ಗಾವಣೆಗೆ ಅರ್ಜಿ ಹಾಕಲೇ ಎಂದು ಯೋಚಿಸುತ್ತಲೇ ಹೋಗಿ, ಮ್ಯಾಟಿನಿಯಲ್ಲಿ ಕಡೆಯ ಸಾಲಿನ ಮೂಲೆಯಲ್ಲಿ ಕೂತೆ. ರಜೆಯಿಂದ ಹಿಂತಿರುಗಿದ್ದ ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟ್ರೂ ಬಂದು ಪಕ್ಕದಲ್ಲೇ ಕೂತರು. ಇಂಗ್ಲಿಷ್ ಆಟವನ್ನು ಕೋಲಾರದಲ್ಲೇ ನೋಡಿದ್ದರಂತೆ.

ಹೋದ ವಾರದ ಕಥೆಯೇ ಚೆನ್ನಾಗಿತ್ತೆಂದು ಜನ ಗೊಣಗುತ್ತಲೇ ನೋಡಿದರು. ಕೊನೆಯ ರೀಲು ಬಂತು. ನಾಯಕನನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚುತ್ತಾರೆ. ಅವನಿಗೆ ಸುಸ್ತಾಗಿದೆ, ಊರು ಬಂದಾಗ ಎಬ್ಬಿಸಿ ಅಂತ ಹೇಳಿ ಮಲಗಿದ್ದಾನೆ ಎಂದು ನಾನು ಒಂದು ವಾರ ಹೇಳಿದ್ದೆ. ತೆಲುಗಿನಲ್ಲಿ ಅವನು ಸತ್ತುಹೋಗಿದ್ದ.

ಎದ್ದ ಗಲಾಟೆಗೆ ಟಾಕೀಸಿನಲ್ಲಿ ದೀಪ ಹಾಕಬೇಕಾಯಿತು. ಜನ ಮ್ಯಾನೇಜರನ್ನು ಸುತ್ತುವರಿದರು.

"ಹೋದ ವಾರ ಬದುಕಿದ್ದೋನು ಈ ವಾರ ಹೆಂಗೆ ಸತ್ತ? ಡಬ್ಬಿಂಗಿನೋರು ಕಥೆ ಕೆಡಿಸವ್ರೆ."

ಒಬ್ಬರು ನನ್ನನ್ನು ಕಂಡರು. "ಇಲ್ಲೇ ಅವ್ರೆ ನಮ್ಮ ಮೇಷ್ಟ್ರು. ಪಕ್ಕದಲ್ಲಿ ಇಂಗ್ಲಿಷ್ ಮೇಷ್ಟ್ರೂ ಅವ್ರೆ. ಸಾರ್, ನೀವು ಹೇಳಿ. ಇಂಗ್ಲಿಷಲ್ಲಿ ಅವ್ನು ಸತ್ನಾ, ಮಲಗಿದ್ನಾ?"

ಇಂಗ್ಲಿಷ್ ಮೇಷ್ಟ್ರು ನಿಧಾನವಾಗಿ ಎದ್ದು, ಕನ್ನಡಕ ಸರಿಮಾಡಿಕೊಂಡು, ತರಗತಿಯಲ್ಲಿ ವ್ಯಾಕರಣ ಹೇಳುವಂತೆ ಹೇಳಿದರು.

"ಮೂಲದಲ್ಲಿ ಮಲಗಿದ್ದಾನೆ. ಇದು ಭಾಷಾಂತರದ ದೋಷ."

ಜನ ಚಪ್ಪಾಳೆ ತಟ್ಟಿದರು. ಮುಂದಿನ ಆಟದಿಂದ ಕೊನೆಯ ರೀಲಿಗೆ ದನಿ ನಿಲ್ಲಿಸಿ ಮತ್ತೆ ನನ್ನನ್ನೇ ಕೂರಿಸುವುದು ಎಂದು ತೀರ್ಮಾನವಾಯಿತು.

ಹೊರಗೆ ಬಂದು ಇಬ್ಬರೂ ಟೀ ಅಂಗಡಿಯಲ್ಲಿ ನಿಂತೆವು. ನನಗೆ ಕಣ್ಣಲ್ಲಿ ನೀರು ಬರುವಷ್ಟು ಸಂಕೋಚವಾಗಿತ್ತು. "ನನ್ನ ಮಾನ ಉಳಿಸಿದ್ರಿ ಸಾರ್," ಅಂದೆ. "ಆದ್ರೆ ನಿಜ ಹೇಳಿ, ಇಂಗ್ಲಿಷಲ್ಲಿ ಅವ್ನು ಸತ್ನಾ?"

ಅವರು ಟೀ ಆರಿಸಿಕೊಳ್ಳುತ್ತಾ ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಅದನ್ನೇ ಕೇಳೋಣ ಅಂತ ನಿಮ್ಮ ಪಕ್ಕ ಬಂದು ಕೂತಿದ್ದೆ."