ಒಳಗಿದ್ದವನೇ ಕಳ್ಳ

ಹಾಲಪ್ಪನ ಹೊಸ ಕಾರಿಗೆ ಅಲಾರಂ ಹಾಕಿಸಿದ್ದು ಹಾಲಪ್ಪನಲ್ಲ, ಅವನೊಳಗಿನ ಭಯ. ತಿರುವನಂತಪುರದ ಕಳಕ್ಕೂಟಂನಲ್ಲಿ ಅವನ ಮೇಲಿನ ಫ್ಲ್ಯಾಟಿನ ಅನಂತನ ಸ್ಕೂಟರ್ ಹಾಡುಹಗಲೇ ಕಳುವಾಗಿತ್ತು. “ಹಳೇ ಸ್ಕೂಟರನ್ನೇ ಬಿಡಲಿಲ್ಲ, ನಿಮ್ಮ ಕಾರ್ ಬಿಡ್ತಾರಾ ಸಾರ್?” ಎಂದು ಅನಂತ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದ. ಹಾವೇರಿಯಿಂದ ವರ್ಗವಾಗಿ ಬಂದು ಇನ್ನೂ ವರ್ಷ ತುಂಬದ ಹಾಲಪ್ಪನಿಗೆ ನಿದ್ದೆ ಹಾರಿಹೋಯಿತು.

ಅಲಾರಂ ಅಂಗಡಿಯವನು ಧೈರ್ಯ ತುಂಬಿದ. “ರಿಮೋಟ್ ಇಲ್ಲದೆ ಕಳ್ಳ ಒಳಗೆ ಕೂತನೋ, ಸೈರನ್ ಕೂಗುತ್ತೆ. ಬಾಗಿಲು ಒಳಗಿನಿಂದಲೂ ತೆರೆಯಲ್ಲ, ಗಾಜು ಇಳಿಯಲ್ಲ. ಬೋನಿಗೆ ಬಿದ್ದ ಇಲಿ!” ಹಾಲಪ್ಪನದು ಗುಂಡಿ ಒತ್ತುವ ಹಳೇ ಫೋನು. ಹಾಗಾಗಿ ಕಳ್ಳ ಹೊಕ್ಕ ಸುದ್ದಿ ಬರುವುದು ಹೆಂಡತಿ ಸೀತಮ್ಮನ ಫೋನಿಗೆ, ದೂರದಿಂದಲೇ ಲಾಕ್ ಹಾಕಿ ತೆಗೆಯುವುದೂ ಅದರಿಂದಲೇ ಎಂದಾಯಿತು.

ಮರುದಿನವೇ ಸಹೋದ್ಯೋಗಿಯ ಮಗಳ ಮದುವೆಗೆಂದು ಅವನೊಬ್ಬನೇ ಕೊಚ್ಚಿಗೆ ಹೊರಟ. ಅಲ್ಲಿನ ಕಲೂರು ಬಡಾವಣೆಯ ಕಲ್ಯಾಣ ಮಂಟಪದ ಪಕ್ಕದ ರಸ್ತೆಯಲ್ಲಿ ಕಾರು ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆದ ಮೇಲೆ ಉಡುಗೊರೆ ಹಿಂದಿನ ಸೀಟಿನಲ್ಲೇ ಉಳಿದದ್ದು ನೆನಪಾಯಿತು. ವಾಪಸು ಬಂದು ರಿಮೋಟ್ ಒತ್ತಿದ, ಕೀಗೊಂಚಲನ್ನು ಕಾರಿನ ನೆತ್ತಿಯ ಮೇಲಿಟ್ಟು ಒಳಗೆ ನುಗ್ಗಿದ. ಪೊಟ್ಟಣ ಸೀಟಿನ ಕೆಳಗೆ ಜಾರಿತ್ತು. ಹೊರಗೆ ಭರ್ರನೆ ಹೋದ ಬಸ್ಸಿನ ಗಾಳಿಗೆ ಬಾಗಿಲು ಧಡಾರನೆ ಹಾಕಿಕೊಂಡಿತು.

ಅವನು ಸೀಟಿನ ಕೆಳಗೆ ತಡಕಾಡುತ್ತಿದ್ದಂತೆ ಟಕ್ ಎಂದು ಎಲ್ಲ ಬಾಗಿಲುಗಳೂ ಲಾಕ್ ಆದವು. ಮರುಕ್ಷಣ ಸೈರನ್ ಶುರುವಾಯಿತು, ನೂರು ಹಂದಿಗಳ ಬಾಲ ಒಟ್ಟಿಗೇ ತುಳಿದಂತೆ.

ಹಾಲಪ್ಪ ಹಿಡಿಕೆ ಎಳೆದ. ಇಲ್ಲ. ಗಾಜಿನ ಗುಂಡಿ ಒತ್ತಿದ. ಇಲ್ಲ. ಬಿಸಿಲು ಗಾಜಿನ ಮೇಲೆ ನೇರ ಬಿದ್ದಿತ್ತು. ಬೆವರು ಕಿವಿಯ ಹಿಂದಿನಿಂದ ಇಳಿಯತೊಡಗಿತು.

ಹೊರಗೆ ಜನ ಸೇರಿದರು. ಕಲಿತಿದ್ದ ಅರೆಬರೆ ಮಲಯಾಳ ಭಯಕ್ಕೆ ಎಲ್ಲೋ ಓಡಿಹೋಯಿತು. “ನಾನು ಕಳ್ಳ ಅಲ್ಲ!” ಎಂದು ಕನ್ನಡದಲ್ಲೇ ಕಿರುಚಿದ. ಆ ಸದ್ದಿನಲ್ಲಿ ಗಾಜು ದಾಟಿ ಹೊರಗೆ ಬಂದದ್ದು ‘ಕಳ್ಳ’ ಒಂದೇ. ಅದು ಎರಡೂ ಭಾಷೆಗೆ ಸೇರಿದ ಮಾತು.

“ಅವನೇ ಒಪ್ಕೊಂಡ!” ಎಂದರು ತರಕಾರಿ ಚೀಲದ ಹಿರಿಯರೊಬ್ಬರು.

ಹಾಲಪ್ಪ ಮೇಲೆ ಬೆರಳು ತೋರಿಸಿದ. ಕೀ! ನೆತ್ತಿಯ ಮೇಲೆ ಕೀ!

“ನೋಡಿ, ಈಗ ದೇವರ ನೆನಪು!” ಎಂದರು ಹಿರಿಯರು. ಗುಂಪು ಸಿಟ್ಟಿನಿಂದ ಕಾರನ್ನು ಅಲ್ಲಾಡಿಸಿತು. ಕೀಗೊಂಚಲು ಜಾರಿ ಚರಂಡಿಗೆ ಬಿದ್ದದ್ದನ್ನು ಕಂಡವನು ಹಾಲಪ್ಪನೊಬ್ಬನೇ.

ಆಗ ಫೋನು ನಡುಗಿತು. ಸೀತಮ್ಮ.

“ರೀ, ಎಲ್ಲಿದ್ದೀರಿ? ನಮ್ಮ ಕಾರಿನ್ಯಾಗ ಕಳ್ಳ ಹೊಕ್ಕಾನಂತ್ರೀ!”

“ಆ ಕಳ್ಳ ನಾನ! ಬಾಗಿಲಾ ತಗಿ!”

ಸೈರನ್ನಿನ ನಡುವೆ ಆ ಗಂಡಸಿನ ಅರಚಾಟ ಸೀತಮ್ಮನಿಗೆ ಗುರುತು ಹತ್ತಲಿಲ್ಲ. “ಎಲಾ ಭಾಡ್ಯಾ! ನನ್ನ ಗಂಡನ ಫೋನೂ ಕಸ್ಗೊಂಡಿಯೇನೋ? ಅವ್ರಿಗೆ ಏನ್ ಮಾಡಿದಿ? ಅಲ್ಲೇ ಸಾಯಿ, ಪೊಲೀಸ್ರನ್ನ ಕಳಸ್ತೀನಿ!” ಎಂದು ಫೋನಿಟ್ಟಳು. ಮತ್ತೆ ಟಕ್ ಎಂದಿತು. ಆಕೆ ತಿರುವನಂತಪುರದಿಂದಲೇ ತನ್ನ ಫೋನಿನಲ್ಲಿ ಇನ್ನೊಮ್ಮೆ ಲಾಕ್ ಒತ್ತಿದ್ದಳು.

ಹಾಲಪ್ಪನ ಕಣ್ಣು ಕತ್ತಲೆಗಟ್ಟಿತು. ನಾಲಿಗೆ ಅಂಗುಳಕ್ಕೆ ಅಂಟಿತು. ಮದುವೆಗೆ ಬಂದು ಹೆಣವಾಗಿ ಹೋಗುತ್ತೇನೆ, ಅದೂ ಕಳ್ಳನ ಹೆಣವಾಗಿ ಎನಿಸಿ ಗಾಜಿಗೆ ಹಣೆ ಒತ್ತಿ ಅತ್ತುಬಿಟ್ಟ.

“ಪೊಲೀಸರು ಬರುವವರೆಗೆ ಯಾರೂ ಮುಟ್ಟಬೇಡಿ,” ಎಂದರು ಹಿರಿಯರು.

“ಅಷ್ಟರಲ್ಲಿ ಸತ್ತೇ ಹೋಗ್ತಾನೆ, ಚೇಟ್ಟಾ. ಕಳ್ಳನೂ ಮನುಷ್ಯನೇ,” ಎಂದು ಚೌಕಳಿ ಲುಂಗಿಯ ಬಡಕಲು ಆಳೊಬ್ಬ ಮುಂದೆ ಬಂದ. ಕಾರಿನ ಕೆಳಗೆ ಕೈ ತೂರಿಸಿ ಏನನ್ನೋ ಎಳೆದ, ಸೈರನ್ ಸತ್ತಿತು. ಸೊಂಟದಿಂದ ತಗಡಿನ ಪಟ್ಟಿ ತೆಗೆದು ಗಾಜಿನ ಸಂದಿಗೆ ಇಳಿಸಿದ, ಬಾಗಿಲು ತೆರೆಯಿತು. ಹತ್ತು ಸೆಕೆಂಡೂ ಹಿಡಿಯಲಿಲ್ಲ. ಹೊರಗುರುಳಿದ ಹಾಲಪ್ಪನ ಬಾಯಿಗೆ ಅವನೇ ನೀರು ಬಿಟ್ಟ. ಹಾಲಪ್ಪ ಅವನ ಎರಡೂ ಕೈ ಹಿಡಿದುಕೊಂಡ.

ಪೊಲೀಸ್ ಜೀಪು ಬಂತು. ಸಬ್ ಇನ್ಸ್‌ಪೆಕ್ಟರ್ ಕಾಗದಪತ್ರ ನೋಡಿ, ಸೀತಮ್ಮನಿಗೆ ಫೋನ್ ಹಚ್ಚಿಸಿ, ಕಳ್ಳ ಗಂಡನೇ ಎಂದು ಖಾತ್ರಿಪಡಿಸಿಕೊಂಡು ನಕ್ಕ. ಹಾಲಪ್ಪನಿಗೆ ಜೀವ ಬಂತು.

“ಅದಿರಲಿ, ಈ ಬಾಗಿಲು ತೆಗೆದವರು ಯಾರು?”

ಗುಂಪು ಅಭಿಮಾನದಿಂದ ಲುಂಗಿಯವನನ್ನು ಮುಂದೆ ತಳ್ಳಿತು. ಅವನು ಯಾಕೋ ಹಿಂದೆ ಸರಿಯುತ್ತಿದ್ದ.

“ಅಲ್ಲಾ ಸಜೀವಾ, ನೀನಾ! ಎಂಟು ಕಾರು ಎಗರಿಸಿದವನು ಒಂಬತ್ತನೆಯದಕ್ಕೆ ಎಲ್ಲರೆದುರೇ ಕೈ ಹಾಕಿದೆಯಲ್ಲೋ!”

“ಅವರು ಸಾಯ್ತಿದ್ರು ಸಾರ್,” ಎಂದು ಸಜೀವನ್ ತಲೆತಗ್ಗಿಸಿ ಕೈ ಮುಂದೆ ಚಾಚಿದ.

ಇನ್ಸ್‌ಪೆಕ್ಟರ್ ಹಾಲಪ್ಪನ ಬೆನ್ನು ತಟ್ಟಿದ. “ಒಳ್ಳೇ ಅಲಾರಂ ಸಾರ್! ನಿಜವಾದ ಕಳ್ಳನನ್ನೇ ಹಿಡಿದುಕೊಟ್ಟಿತು. ನೀವೇ ಮುಖ್ಯ ಸಾಕ್ಷಿ. ಅವನ ಬೆರಳಚ್ಚು ಇರೋದರಿಂದ ಕಾರು ಮುದ್ದೆಮಾಲು, ಠಾಣೆಯಲ್ಲಿರಲಿ.”

ಹೇಳಿಕೆ ಬರೆದುಕೊಟ್ಟು ಠಾಣೆಯ ಅಂಗಳಕ್ಕೆ ಬಂದ ಹಾಲಪ್ಪ ಕೇಳಿದ, “ಕಾರು ಯಾವಾಗ ಸಿಗುತ್ತೆ ಸಾರ್?”

ಇನ್ಸ್‌ಪೆಕ್ಟರ್ ಮೂಲೆಗೆ ಕೈ ತೋರಿಸಿದ. ಅಲ್ಲೊಂದು ಕಾರಿನ ಬಾನೆಟ್ ಸೀಳಿಕೊಂಡು ಪಪ್ಪಾಯಿ ಗಿಡ ಬೆಳೆದು, ಕಾಯಿ ಬಿಟ್ಟಿತ್ತು.

“ಆ ಕಾರಿನವರೂ ನಿಮ್ಮಷ್ಟೇ ಅದೃಷ್ಟವಂತರು ಸಾರ್. ಅವತ್ತೇ ಕಳ್ಳ ಸಿಕ್ಕಿಬಿದ್ದಿದ್ದ.”