ನಮ್ಮವರ ಗಾಲಿ, ನನ್ನ ನಿಂಬೆಹಣ್ಣು

ನಮ್ಮ ಮನೆಯಲ್ಲಿ ಮೆತ್ತಗಿನ ಬಟ್ಟೆ ಯಾವುದೂ ಮೂರು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ. ಹರಿಯುವುದಿಲ್ಲ, ಕಳೆದುಹೋಗುವುದೂ ಇಲ್ಲ. ನಮ್ಮವರ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಎರಡು ಬೆರಳಲ್ಲಿ ಹಿಸುಕಿ, ಕೆನ್ನೆಗೆ ಒತ್ತಿ ನೋಡಿ, "ಇದು ಗಾಲಿಗೆ ಚೆನ್ನಾಗಿದೆ ಕಣೇ" ಅನ್ನುತ್ತಾರೆ. ಅಲ್ಲಿಗೆ ಆ ಬಟ್ಟೆಗೂ ನನಗೂ ಋಣ ಹರಿಯಿತು. ನನ್ನ ಎರಡು ದಿಂಬಿನ ಚೀಲಗಳು, ಅತ್ತೆಯವರ ಫ್ಲಾನೆಲ್ ಶಾಲು, ಎಲ್ಲವೂ ಹೀಗೇ ಕಾರಿನ ಪಾದಸೇವೆಗೆ ಸಂದವು.

ನಮ್ಮವರದು ಕನ್ನಡಕದ ಅಂಗಡಿ. ಹೊಳೆಯುವುದು ಏನು ಕಂಡರೂ ಬಾಯಿಯ ಹಬೆ ಊದಿ ಒರೆಸುವುದು ಅವರ ಅಭ್ಯಾಸ. ಮದುವೆಯಾದ ಹೊಸತರಲ್ಲಿ ನನ್ನ ಬಳೆಗಳನ್ನೂ ಹಾಗೇ ಒರೆಸುತ್ತಿದ್ದರು. (ಈಗ ಆ ಹಬೆಯೆಲ್ಲ ಗಾಲಿಗಳಿಗೆ ಮೀಸಲು.)

ಕಾರಿಗೆ ಇಪ್ಪತ್ತು ವರ್ಷ. ಬಣ್ಣ ಅಲ್ಲಲ್ಲಿ ಎದ್ದಿದೆ, ಹಾರನ್ನಿಗೆ ಸದಾ ಶೀತ. ಗಾಲಿಗಳು ಮಾತ್ರ ಹೇಳಿ ಮಾಡಿಸಿದವು. "ಹಲ್ಲು ಬಿದ್ದ ಮುದುಕನಿಗೆ ಬೆಳ್ಳಿ ಬೂಟು ಹಾಕಿಸಿದ್ದಾನೆ ನನ್ನ ಮಗ" ಎಂದು ಅತ್ತೆಯವರು ಬಂದವರಿಗೆಲ್ಲ ಪರಿಚಯ ಮಾಡಿಕೊಡುತ್ತಾರೆ.

ಅವನ್ನು ಮಾಡಿಕೊಟ್ಟವರು ನಮ್ಮ ಬೀದಿಯ ಕೊನೆಯಲ್ಲಿ ಲೇತ್ ಯಂತ್ರ ಇಟ್ಟುಕೊಂಡಿದ್ದ ಮಾಸ್ತರು. ಅಲ್ಯೂಮಿನಿಯಂ ದಿಮ್ಮಿಯನ್ನು ಕಡೆದು, ಒಂದೊಂದಕ್ಕೂ ಐದು ಕಡ್ಡಿ ಬಿಡಿಸಿ, ಮುಖ ಕಾಣುವ ತನಕ ಕೈಯಲ್ಲೇ ಉಜ್ಜಿದ್ದರು. ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವರ ಕೈ ನಡುಗಲು ಶುರುವಾಗಿತ್ತು. ಗಾಲಿಗಳನ್ನು ಒಪ್ಪಿಸಿದ ದಿನವೇ ಅಂಗಡಿಗೆ ಬೀಗ ಹಾಕಿ, "ಇವೇ ನನ್ನ ಕೊನೇ ಕೆಲಸ ಕಣಪ್ಪ. ವರ್ಷದ ಮೇಲೆ ಬಂದು ನೋಡ್ತೀನಿ, ಹೇಗಿಟ್ಟುಕೊಂಡಿದ್ದೀಯ ಅಂತ" ಎಂದಿದ್ದರು.

ನಮ್ಮವರು ಅವತ್ತಿನಿಂದ ಪರೀಕ್ಷೆಗೆ ಕೂತ ಹುಡುಗನ ಹಾಗಾದರು. ದಿನಾ ಅದೇ ಪಾಠ. "ಬರೀ ಲೋಹ ಕಣೇ, ಮೇಲೆ ಏನೂ ಲೇಪ ಇಲ್ಲ. ಬಿಸಿ ಇದ್ದಾಗ ತೊಳೀಬಾರದು. ಸೌಮ್ಯವಾದ ಸೋಪು. ಆಮೇಲೆ ಕಡಲೆಕಾಳಿನಷ್ಟು ಹೊಳಪಿನ ಪೇಸ್ಟು. ಅದರ ಮೇಲೆ ಮೇಣ…" ನಾನು ಎಲ್ಲರ ಮಾತನ್ನೂ ಕೊನೆಯವರೆಗೆ ಕೇಳುವವಳೆಂದು ಬೀದಿಯಲ್ಲಿ ಹೆಸರಿದೆ. ಆದರೆ ಒಂದೇ ಮಾತು ನಲವತ್ತನೇ ಸಲ ಬಂದಾಗ ಕಿವಿ ತೆರೆದಿರುತ್ತದೆ, ಒಳಗೆ ನಾನಿರುವುದಿಲ್ಲ. ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಳ್ಳುತ್ತಿರುತ್ತೇನೆ. ಹುಳಿ ಮತ್ತು ಉಪ್ಪಿನ ಬಗ್ಗೆ ಅವರೇನೋ ಎಚ್ಚರಿಕೆ ಹೇಳಿದ್ದು ಬಹುಶಃ ಹಾಗೊಂದು ಪುಣ್ಯಕಾಲದಲ್ಲಿ.

ವರ್ಷ ತುಂಬಿತು. ಮಾಸ್ತರು ಭಾನುವಾರ ಬರುತ್ತೇನೆಂದು ಹೇಳಿಕಳಿಸಿದರು. ಶುಕ್ರವಾರ ಅತ್ತೆಯವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿ ಬಂದಾಗ ಬ್ರೇಕಿನ ಕಪ್ಪು ಪುಡಿ ಗಾಲಿಗಳ ತುಂಬ ಕೂತಿತ್ತು. ಶನಿವಾರ ಇವರಿಗೆ ಊರಾಚೆ ಕಣ್ಣು ತಪಾಸಣೆಯ ಶಿಬಿರ. ಹೋಗುವಾಗ ಗಾಲಿಗಳನ್ನೇ ತಿರುಗಿ ತಿರುಗಿ ನೋಡುತ್ತ ಹೋದರು. ನಾನೇ ಉಜ್ಜಿಡೋಣ ಎಂದುಕೊಂಡೆ.

ದೇವರ ಮನೆಯ ಹಿತ್ತಾಳೆ ದೀಪಗಳನ್ನು ನಾನು ನಿಂಬೆಹಣ್ಣು, ಉಪ್ಪು ಹಾಕಿ ಉಜ್ಜುತ್ತೇನೆ. ಅವು ಹೇಗೆ ಹೊಳೆಯುತ್ತವೆ ಎಂದು ನಾನೇ ಹೇಳಬಾರದು. (ಚಿನ್ನದ ಹಾಗೆ.) ದೇವರಿಗೆ ಒಪ್ಪಿಗೆಯಾದದ್ದು ಕಾರಿಗೆ ಆಗುವುದಿಲ್ಲವೇ? ಆರು ನಿಂಬೆಹಣ್ಣು, ಒಂದು ಬಟ್ಟಲು ಕಲ್ಲುಪ್ಪು ಹಿಡಿದು ಕೂತೆ. ಒಂದೊಂದು ಕಡ್ಡಿಯನ್ನೂ ಮನಸಾರೆ ತಿಕ್ಕಿದೆ. ನೀರು ಹೊಯ್ದಾಗ ಫಳಫಳ ಅಂದವು. ಕೃತಾರ್ಥಳಾಗಿ ಒಳಗೆ ಹೋಗಿ ಅಡುಗೆ ಮುಗಿಸಿ ಬಂದೆ.

ಒಣಗಿದ ಗಾಲಿಗಳು ನನ್ನನ್ನು ನೋಡುತ್ತಿದ್ದವು. ಸುಣ್ಣ ಬಳಿದ ಹಾಗೆ ಬೆಳ್ಳಗೆ, ಮಬ್ಬಾಗಿ. ಮುಖ ಕಾಣುವುದಿರಲಿ, ಮೂಗು ಎಲ್ಲಿದೆ ಎಂದೂ ತಿಳಿಯುತ್ತಿರಲಿಲ್ಲ. ಮತ್ತೆ ನೀರು ಹಾಕಿದೆ, ಹೊಳೆದವು. ಒಣಗಿದವು, ಹೋದವು. ಒದ್ದೆಯಿದ್ದರೆ ಹೊಳೆಯುತ್ತವೆ ಎಂದಾದರೆ ಒಣಗದ ಒದ್ದೆ ಯಾವುದು ಎಂದು ಯೋಚಿಸಿದೆ. ಒಲೆಯ ಪಕ್ಕದಲ್ಲಿ ಕರಿದು ಉಳಿದ ಎಣ್ಣೆ ಇತ್ತು.

ಸಂಜೆ ಇವರು ಬಂದರು. ಎಣ್ಣೆ ಹಚ್ಚಿದ ಗಾಲಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದು ಕಡ್ಡಿಯನ್ನೂ ನೋಡಿದರು.

"ನೀನೇ ಮಾಡಿದೆಯಾ?"

"ಹೂಂ ರೀ."

"ಇಡೀ ದಿನ ಶಿಬಿರದಲ್ಲಿ ನನಗೆ ಇದೇ ಯೋಚನೆ. ನಿನಗೆ ಹೇಗೆ ಗೊತ್ತಾಯಿತು?" ಎಂದವರ ಕನ್ನಡಕ ಮಂಜಾಗಿತ್ತು. ಅದನ್ನು ತೆಗೆದು ನನ್ನ ಸೆರಗಿನಲ್ಲಿ ಒರೆಸಿಕೊಂಡರು. ನಿಜ ಹೇಳಲು ಬಾಯಿ ತೆರೆದೆ. ಮುಚ್ಚಿಕೊಂಡೆ. ಒಂದು ದಿನದ ಮಟ್ಟಿಗೆ ಕಾಪಾಡಪ್ಪಾ ಎಂದು ದೇವರಲ್ಲಿ ಕೇಳಿಕೊಂಡೆ. (ಅವಧಿಯನ್ನು ಸ್ವಲ್ಪ ಹೆಚ್ಚು ಕೇಳಬೇಕಿತ್ತು.)

ಭಾನುವಾರ ಹತ್ತಕ್ಕೆ ಮಾಸ್ತರು ಕೋಲೂರಿಕೊಂಡು ಬಂದರು. ನಮ್ಮವರು ಗಾಲಿಗಳ ಮೇಲಿನ ಹೊದಿಕೆಗಳನ್ನು ಒಂದೊಂದಾಗಿ ಎತ್ತಿದರು. ಮಾಸ್ತರು ಬಗ್ಗಿ ನೋಡಿದರು. ಅವರ ಮುಖ ಅರಳಿತು. ಅಷ್ಟರಲ್ಲಿ ಬೀದಿಯ ಕಂದು ನಾಯಿ ಬಂತು.

ನಾಯಿ ಗಾಲಿಯ ಬಳಿ ಏಕೆ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ನಮ್ಮವರು ಕೈ ಅಗಲಿಸಿ ಅಡ್ಡ ನಿಂತರು. ಅದು ಸುತ್ತಿ ಬಂದು ಹಿಂದಿನ ಗಾಲಿಯ ಮುಂದೆ ನಿಂತಿತು. ಕಾಲೆತ್ತಲಿಲ್ಲ. ನಾಲಿಗೆ ಚಾಚಿತು. ಮೊದಲ ಕಡ್ಡಿಯಿಂದ ಐದನೆಯದರವರೆಗೆ ಭಕ್ತಿಯಿಂದ ನೆಕ್ಕಿತು.

ಮಾಸ್ತರು ಇನ್ನೊಂದು ಗಾಲಿಯ ಮೇಲೆ ಹೆಬ್ಬೆರಳು ಆಡಿಸಿ ಮೂಸಿದರು. "ಇದರಲ್ಲಿ ಏನು ಕರಿದಿದ್ರಿ ತಾಯಿ?"

"ಆಲೂಗಡ್ಡೆ" ಎಂದೆ. ಕೇಳಿದ್ದಕ್ಕೆ ಉತ್ತರ ಕೊಟ್ಟು ಅಭ್ಯಾಸ.

ಅವರು ಕರವಸ್ತ್ರದಿಂದ ಎಣ್ಣೆ ಒರೆಸಿದರು. ಕೆಳಗಿನ ಬಿಳಿ ಮಬ್ಬು ಹೊರಗೆ ಬಂತು. ನಮ್ಮವರು ಅದನ್ನೇ ನೋಡಿ ಮೆಲ್ಲಗೆ "ಪೊರೆ" ಎಂದರು. ಅಂಗಡಿಗೆ ಬಂದ ವಯಸ್ಸಾದವರಿಗೆ ಹೇಳುವ ಅದೇ ದನಿಯಲ್ಲಿ. ಆಮೇಲೆ ತಲೆ ತಗ್ಗಿಸಿ, "ತಪ್ಪು ನಂದು ಮಾಸ್ತರೇ. ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ" ಎಂದರು.

ನನಗೆ ತಡೆಯಲಾಗಲಿಲ್ಲ. "ಇವರದಲ್ಲ. ನಾನು ಆರು ನಿಂಬೆಹಣ್ಣು ಹಾಕಿ ಉಜ್ಜಿದೆ."

"ಉಪ್ಪೂ ಹಾಕಿದಳು" ಎಂದರು ಬಾಗಿಲಲ್ಲಿ ನಿಂತ ಅತ್ತೆಯವರು. "ಕಿಟಕಿಯಿಂದ ನೋಡ್ತಿದ್ದೆ. ಖಾರ ಒಂದು ಬಿಟ್ಟಿದ್ದಳು."

"ನೋಡ್ತಾ ಇದ್ದು ಹೇಳಲಿಲ್ವೇನಮ್ಮಾ?" ನಮ್ಮವರು ಕೇಳಿದರು.

"ಅಷ್ಟು ಶ್ರದ್ಧೆಯಿಂದ ಕೂತಿದ್ದಳು. ಪೂಜೆ ಅಂದ್ಕೊಂಡೆ."

ಮಾಸ್ತರು ನಗಲಿಲ್ಲ. ಗಾಲಿಯನ್ನು ಬೆರಳಿಂದ ತಟ್ಟಿ ಕೇಳಿಸಿಕೊಂಡರು. "ಲೋಹಕ್ಕೇನೂ ಆಗಿಲ್ಲ. ಮೇಲಿನ ಚರ್ಮ ಸುಟ್ಟಿದೆ, ಅಷ್ಟೆ. ನುಣುಪು ಉಜ್ಜುಕಾಗದ ನೀರಲ್ಲಿ ಅದ್ದಿ ಉಜ್ಜಬೇಕು, ಆಮೇಲೆ ಪೇಸ್ಟು, ಆಮೇಲೆ ಮೇಣ. ನನ್ನ ಕೈ ನಡೀತಿದ್ರೆ…" ಎಂದು ನಡುಗುವ ಕೈ ತೋರಿಸಿದರು. ನಮ್ಮವರು ಕೂಡಲೇ ತಮ್ಮ ಕೈ ಮುಂದೆ ಚಾಚಿದರು. ಮಾಸ್ತರು ಮುಟ್ಟಿ ನೋಡಿ, "ಇದು ಸವರೋ ಕೈ ಕಣಪ್ಪ. ಉಜ್ಜೋ ಕೈ ಬೇಕು" ಎಂದು ನನ್ನ ಕಡೆ ತಿರುಗಿದರು. "ಆರು ನಿಂಬೆಹಣ್ಣು ಒಂದೇ ಸಲಕ್ಕೆ ಕೂತು ತಿಕ್ಕಿದ್ರಾ ತಾಯಿ? ಎಲ್ಲಿ, ಮಣಿಕಟ್ಟು ತೋರಿಸಿ."

ಹೀಗೆ ನಾನು ಮಾಸ್ತರ ಶಿಷ್ಯೆಯಾದೆ. ಒಂಬತ್ತು ವಾರಗಳಾದವು. ಭಾನುವಾರ ಬಂದು ಕುರ್ಚಿಯಲ್ಲಿ ಕೂರುತ್ತಾರೆ, ನಾನು ನೆಲದಲ್ಲಿ ಗಾಲಿಯ ಮುಂದೆ. ಹೆಬ್ಬೆರಳು ಆಡಿಸಿ "ಇನ್ನೊಮ್ಮೆ" ಅನ್ನುತ್ತಾರೆ. ಕೈ ನಡುಗಿದರೂ ಆ ಹೆಬ್ಬೆರಳಿಗೆ ಮೋಸ ಮಾಡಲಾಗದು. ಈಗೀಗ ಅವರು ಅಂಗಡಿಗೆ ಬೀಗ ಹಾಕಿದ ಮನುಷ್ಯನ ಹಾಗೆ ಕಾಣುವುದೂ ಇಲ್ಲ. ನಮ್ಮವರು ಒಳಗೆ ಹಾಯಾಗಿ ಪೇಪರ್ ಓದುತ್ತಿರುತ್ತಾರೆ. ಮೊನ್ನೆ ಇವರು ಉಜ್ಜಿ ಮುಗಿದ ಗಾಲಿಯ ಮೇಲೆ ಪ್ರೀತಿಯಿಂದ ಕೈಯಿಟ್ಟರು. ಐದೂ ಬೆರಳಿನ ಗುರುತು ಮೂಡಿತು. ಸಂಜೆಯ ತನಕ ನಾನು ಮಾತಾಡಲಿಲ್ಲ.

ಇಂದು ಬೆಳಿಗ್ಗೆ ಪ್ರಾರ್ಥನೆಗೆ ಕೂತು ಕಣ್ಣು ಮುಚ್ಚಿದೆ. ದೇವರು ಬರುವ ಜಾಗದಲ್ಲಿ ಮೂರನೆಯ ಗಾಲಿ ಬಂದು ನಿಂತಿತು. ಕ್ಷಮಿಸಪ್ಪಾ ಎಂದು ಬೇಡಿಕೊಂಡು ಅದಕ್ಕೇ ಕೈ ಮುಗಿಯಬಹುದಿತ್ತು. ಆದರೆ ಕೆಳಗಿನ ಎಡ ಕಡ್ಡಿಯಲ್ಲಿ ಇನ್ನೂ ಸ್ವಲ್ಪ ಮಬ್ಬು ಉಳಿದಿತ್ತು. ದೇವರನ್ನು ಹಾಗೇ ಕೂರಿಸಿ, ಪೇಸ್ಟಿನ ಡಬ್ಬಿ ಹುಡುಕಿಕೊಂಡು ಎದ್ದೆ.